ಎರಡನೇ ಡಬ್ಬ

“ಮೂರೂ ನಂಬರು ಟಾಕೀಸಿಗೇ ಬರೆದಿದ್ದೀಯಲ್ಲ, ತಾತ,” ಎನ್ನುತ್ತಾ ಚೀಟಿಯನ್ನು ಅವರ ಕಡೆ ತಿರುಗಿಸಿದಳು ರೇಡಿಯೋ.

“ನಂಗೆ ಬೇಕಾಗಿರೋದು ಅದೊಂದೇ. ಅದಕ್ಕೇ ಮೂರು ಸಲ ಹೇಳಿದೀನಿ,” ಎಂದು ತಾತ ಪೆನ್ನಿನ ಮುಚ್ಚಳ ಹಾಕಿದರು.

ಮೊಮ್ಮಗಳ ನಿಜವಾದ ಹೆಸರು ಬೇರೆಯೇ ಇತ್ತು. ಆದರೆ ಅವಳು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಹಾಗಾಗಿ ತಾತ ಇಟ್ಟ ರೇಡಿಯೋ ಎಂಬ ಹೆಸರೇ ಮನೆಯಲ್ಲೂ ಸ್ಕೂಲಿನಲ್ಲೂ ನಿಂತುಬಿಟ್ಟಿತ್ತು.

ಬೀದಿಯ ಕೊನೆಯಲ್ಲಿ ಒಂದು ಹಳೆಯ ಟಾಕೀಸು ಬಾಗಿಲು ಹಾಕಿಕೊಂಡು ನಿಂತಿತ್ತು. ಅದನ್ನು ಕೆಡವಿ ಪಾರ್ಕಿಂಗ್ ಮಾಡುವುದೋ, ಕಟ್ಟಡ ಉಳಿಸಿ ಲೈಬ್ರರಿ ಮಾಡುವುದೋ, ಟಾಕೀಸನ್ನೇ ತೆರೆದು ಮತ್ತೆ ಸಿನಿಮಾ ಹಾಕುವುದೋ ಎಂದು ಊರಿನವರು ವೋಟು ಹಾಕಿ ಹೇಳಬೇಕಿತ್ತು. ಒಂದಕ್ಕೆ ಮುದ್ರೆ ಒತ್ತಿ ಬರುವ ಪದ್ಧತಿ ಈ ಸಲ ಇರಲಿಲ್ಲ. ತುಂಬಾ ಇಷ್ಟವಾದದ್ದಕ್ಕೆ ಒಂದು, ಅದು ಆಗದಿದ್ದರೆ ಇದಾಗಲಿ ಎನ್ನುವುದಕ್ಕೆ ಎರಡು, ಉಳಿದದ್ದಕ್ಕೆ ಮೂರು ಎಂದು ಬರೆಯಬೇಕು. ಟೀಚರ್ ಮಕ್ಕಳಿಗೆಲ್ಲ ಮಾದರಿ ಚೀಟಿ ಕೊಟ್ಟು, ಮನೆಯವರಿಗೆ ಕಲಿಸಿ ಬನ್ನಿ ಎಂದಿದ್ದರು.

ಅಮ್ಮ ಬಟ್ಟೆ ಮಡಚುತ್ತಲೇ ಕಲಿತುಬಿಟ್ಟಳು. ತಕರಾರು ತಾತನದೇ.

ತಾತ ಆ ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದ ಆಪರೇಟರ್. ಈಗಲೂ ಸಂಜೆ ಫಸ್ಟ್ ಶೋ ಹೊತ್ತಿಗೆ ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಬೀಗ ಹಾಕಿದ ಗೇಟಿನವರೆಗೆ ಹೋಗಿ ಬರುತ್ತಿದ್ದರು.

ರೇಡಿಯೋ ಮತ್ತೆ ಮೊದಲಿನಿಂದ ಶುರುಮಾಡಿದಳು. ಯಾವುದಕ್ಕೂ ಅರ್ಧಕ್ಕಿಂತ ಜಾಸ್ತಿ ವೋಟು ಬರದಿದ್ದರೆ, ಕೊನೆಯಲ್ಲಿರುವುದನ್ನು ಆಟದಿಂದ ತೆಗೆಯುತ್ತಾರೆ. ಅದಕ್ಕೆ ಬಿದ್ದ ಚೀಟಿಗಳು ಅವುಗಳಲ್ಲಿ ಬರೆದಿರುವ ಎರಡನೇ ನಂಬರಿಗೆ ಹೋಗುತ್ತವೆ. ಟಾಕೀಸೇ ಕೊನೆಗೆ ಬಂದರೆ ತಾತನ ಚೀಟಿಗೆ ಹೋಗಲು ಜಾಗವೇ ಇರುವುದಿಲ್ಲ. ಪಾರ್ಕಿಂಗ್ ಗೆದ್ದರೆ ಗೋಡೆಯೂ ಉಳಿಯುವುದಿಲ್ಲ.

“ಎರಡು ಅಂತ ಬರೆದ್ರೆ ಒಂದನ್ನ ನಾನೇ ಬಿಟ್ಟುಕೊಟ್ಟ ಹಾಗಲ್ವೇನೇ?” ಎಂದು ತಾತ ಮೆಲ್ಲಗೆ ಕೇಳಿದರು.

ತಾತನ ಮುಖ ಸಣ್ಣಗಾದದ್ದು ನೋಡಿ, ಅವರಿಗೆ ಇಷ್ಟವಾದ ಮಾತಿಗೇ ಎಳೆಯೋಣವೆಂದು ಸಿನಿಮಾ ರೀಲು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದಳು ರೇಡಿಯೋ.

ತಾತ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಸಂಜೆ ಬಸ್ಸಿನಲ್ಲಿ ತಗಡಿನ ಡಬ್ಬಗಳು ಬರುತ್ತಿದ್ದವಂತೆ. ಮಳೆ ಬಂದ ದಿನ ಬಸ್ಸಿನ ಸುಳಿವೇ ಇರುತ್ತಿರಲಿಲ್ಲ. ಟಾಕೀಸಿನೊಳಗೆ ಜನ ಕಾಲು ಕುಟ್ಟಿ ಗಲಾಟೆ ಎಬ್ಬಿಸುತ್ತಿದ್ದರು.

“ಆಗೇನ್ ಮಾಡ್ತಿದ್ದೆ?”

“ಮೂಲೇಲಿ ಇನ್ನೊಂದು ಪಿಚ್ಚರ್‌ದು ಡಬ್ಬ ಯಾವಾಗ್ಲೂ ಇಟ್ಟಿರ್ತಿದ್ದೆ. ಅದನ್ನೇ ಹಾಕೋದು. ಮೊದಲು ಬೈತಿದ್ರು, ಆಮೇಲೆ ಕೂತು ನೋಡ್ತಿದ್ರು. ಯಾರಾದ್ರೂ ಎದ್ದು ಹೋಗ್ತಾರಾ ಅಂತ ನಾನು ಮೇಲಿನ ಕಿಂಡೀಲಿ ಇಣುಕ್ತಾ ಇರ್ತಿದ್ದೆ.”

ರೇಡಿಯೋ ಮತ್ತೆ ಚೀಟಿ ಕೈಗೆತ್ತಿಕೊಂಡಳು.

“ತಾತ, ಎರಡನೇ ಡಬ್ಬ ಇಟ್ಕೊಂಡಿದ್ದೆ ಅಂದ್ರೆ, ಬಸ್ಸು ಬರೋದು ಬೇಡ ಅಂತಾನಾ?”

“ಏ, ಬಸ್ಸಿಗೆ ನನ್ನಷ್ಟು ಕಾದವರು ಯಾರಿದ್ರೇ,” ಎಂದರು ತಾತ. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, “ಇನ್ನೊಂದು ಚೀಟಿ ಇದೆಯಾ?” ಎಂದರು.

ವೋಟಿನ ದಿನ ತಾತ ಒಬ್ಬರೇ ಒಳಗೆ ಹೋಗಿ ಬಂದರು. ಏನು ಬರೆದಿರಿ ಎಂದು ಕೇಳಬಾರದೆಂದು ಟೀಚರ್ ಹೇಳಿದ್ದರು. ರೇಡಿಯೋ ಮನೆ ತಲುಪುವವರೆಗೂ ತುಟಿ ಕಚ್ಚಿಕೊಂಡೇ ನಡೆದಳು.

ಎಣಿಕೆ ಸ್ಕೂಲಿನ ಹಾಲಿನಲ್ಲೇ ನಡೆಯಿತು. ಪಾರ್ಕಿಂಗ್ ಮುಂದಿತ್ತು, ಆದರೆ ಅರ್ಧ ದಾಟಿರಲಿಲ್ಲ. ಲೈಬ್ರರಿ ಅದರ ಹಿಂದೆ. ಟಾಕೀಸು ಕೊನೆಗೆ. ತಾತನ ಕೈ ಅವಳ ಕೈಯನ್ನು ಬಿಗಿಯಾಗಿ ಹಿಡಿಯಿತು. ಗುಮಾಸ್ತರು ಟಾಕೀಸಿನ ಟ್ರೇಯಿಂದ ಒಂದೊಂದೇ ಚೀಟಿ ಎತ್ತಿ, ಎರಡನೇ ನಂಬರು ನೋಡಿ ಉಳಿದೆರಡು ಟ್ರೇಗಳಿಗೆ ಹಾಕತೊಡಗಿದರು. ಲೈಬ್ರರಿಯ ಟ್ರೇ ತುಂಬುತ್ತಾ ಹೋಯಿತು.

“ಡಬ್ಬ ಬದಲಾಯಿಸ್ತಿದಾರೆ,” ಎಂದರು ತಾತ.

ಲೈಬ್ರರಿ ತೆರೆದ ಸಂಜೆ, ಫಸ್ಟ್ ಶೋ ಹೊತ್ತಿಗೆ, ತಾತ ಅದೇ ಇಸ್ತ್ರಿ ಷರ್ಟು ತೊಟ್ಟು ಹೊರಟರು. ಗೇಟಿಗೆ ಬೀಗ ಇರಲಿಲ್ಲ. ಪರದೆ ಇದ್ದ ಗೋಡೆಯ ತುಂಬ ಪುಸ್ತಕಗಳಿದ್ದವು. ಹಿಂದುಗಡೆ, ಮೇಲೆ, ತಾತ ಇಣುಕುತ್ತಿದ್ದ ಆ ಚೌಕದ ಕಿಂಡಿ ಹಾಗೇ ಇತ್ತು. ತಾತ ಅದನ್ನು ತುಂಬಾ ಹೊತ್ತು ನೋಡುತ್ತಾ ನಿಂತರು.

ಬೇಜಾರಾಯಿತಾ ಎಂದು ಕೇಳಲು ರೇಡಿಯೋ ಬಾಯಿ ತೆರೆದಳು. ಅಷ್ಟರಲ್ಲಿ ತಾತ ಕಿಂಡಿಯಿಂದ ಕಣ್ಣು ಇಳಿಸಿದರು. ಬೆಂಚುಗಳ ಸಾಲಿನತ್ತ ಕತ್ತು ಚಾಚಿ, ಓದುತ್ತಾ ಕೂತಿದ್ದ ಒಬ್ಬೊಬ್ಬರನ್ನೇ ನೋಡತೊಡಗಿದರು.

ಅವಳೂ ನೋಡಿದಳು. ಯಾರೂ ಎದ್ದು ಹೋಗುತ್ತಿರಲಿಲ್ಲ.

ರೇಡಿಯೋ ತಾತನಿಗೂ ಜಾಗ ಇರುವ ಬೆಂಚೊಂದನ್ನು ಹುಡುಕಿ ಕೂತಳು.