ಎಂಬತ್ತರ ನಡುಕ

"ಗಾಡಿ ನಡಗಾಕತ್ತೈತ್ರಿ," ಅಂದಳು ಭಾಗ್ಯಶ್ರೀ ಹಿಂದಿನ ಸೀಟಿನಿಂದ.

"ಇಲ್ಲಲ್ರೀ," ಅಂದ ಹುಲಗೇಶ. ಅವನ ಕೈಯಲ್ಲಿ ಸ್ಟೇರಿಂಗು ಅಲುಗದೆ ತಣ್ಣಗಿತ್ತು.

ಈ ಜಗಳ ಶುರುವಾಗಿ ವಾರಗಳೇ ಆಗಿದ್ದವು. ಗಾಡಿ ಊರೊಳಗೆ ಒಳ್ಳೆಯ ಮಗುವಿನ ಹಾಗೆ ಹೋಗುತ್ತಿತ್ತು. ಔಟರ್ ರಿಂಗ್ ರೋಡ್ ಹತ್ತಿ ಸ್ಪೀಡಿನ ಮುಳ್ಳು ಎಂಬತ್ತಕ್ಕೆ ಬಂದರೆ ಅವಳು ನಡಗತೈತಿ ಅನ್ನುತ್ತಿದ್ದಳು, ಇವನು ಇಲ್ಲ ಅನ್ನುತ್ತಿದ್ದ. ನೂರು ದಾಟಿದರೆ ನಡುಕವೂ ನಿಲ್ಲುತ್ತಿತ್ತು, ಜಗಳವೂ ನಿಲ್ಲುತ್ತಿತ್ತು.

ಭಾಗ್ಯಶ್ರೀ ಹೈದರಾಬಾದಿನ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ನೋಡುವವಳು. ಲೇಥಿನಿಂದ ಇಳಿದ ಶಾಫ್ಟು, ರಿಂಗುಗಳು ಸರಿಯಾಗಿ ದುಂಡಗಿವೆಯೋ ಇಲ್ಲವೋ ಹೇಳುವುದು ಅವಳ ಕೆಲಸ. ಕಂಪನಿ ರಿಂಗ್ ರೋಡಿನಾಚೆ ಹೊಸ ಶೆಡ್ ಹಾಕಿದ ಮೇಲೆ ದಿನಾ ಅಲ್ಲಿಗೆ ಹೋಗಿಬರಬೇಕಿತ್ತು, ಅದಕ್ಕೆ ಗೊತ್ತು ಮಾಡಿದ್ದು ಹುಲಗೇಶನ ಗಾಡಿ. ಅವಳು ಸಿಂಧನೂರಿನ ಕಡೆಯವಳು, ಇವನು ಕುಷ್ಟಗಿಯವನು. ಮೊದಲ ದಿನ ಇಬ್ಬರೂ ಹಿಂದಿಯಲ್ಲೇ ಮಾತಾಡಿದ್ದರು. ಯಾವನೋ ಬೈಕಿನವನು ಅಡ್ಡ ಬಂದಾಗ ಹುಲಗೇಶ ಅಚ್ಚ ಕನ್ನಡದಲ್ಲಿ ಬೈದ, ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಆ ನಗುವಿಗೇ ಅವನು ಕೆಟ್ಟುಹೋದದ್ದು.

ಮಾರನೆಯ ದಿನದಿಂದ ಒಳಗಿನ ಕನ್ನಡಿ ಒಂಚೂರು ಓರೆಯಾಯಿತು. ಹಿಂದೆ ಬರುವ ಲಾರಿ ಅರ್ಧ ಕಂಡರೂ ಸಾಕು, ಭಾಗ್ಯಶ್ರೀ ಪೂರಾ ಕಾಣಬೇಕು. ಗಾಳಿಗೆ ಹಣೆಯ ಮೇಲೆ ಬೀಳುವ ಕೂದಲು, ಅದನ್ನು ಬೈಯುವ ಹಾಗೆ ಹುಬ್ಬು ಗಂಟಿಕ್ಕಿ ಕಿವಿಯ ಹಿಂದೆ ಸಿಗಿಸುವ ಬೆರಳು, ತೂಕಡಿಕೆ ಬಂದಾಗ ಮೆಲ್ಲಗೆ ಬಾಗುವ ಕತ್ತು. ಕದ್ದು ನೋಡುವುದರಲ್ಲಿ ತನ್ನಂಥ ಜಾಣ ಇಡೀ ಹೈದರಾಬಾದಿನಲ್ಲಿಲ್ಲ ಅಂದುಕೊಂಡಿದ್ದ, ಪಾಪ.

ಅವಳ ಮಾತಿಗೆ ಬೆಲೆ ಕೊಡಲಿಲ್ಲ ಅನ್ನಬಾರದು ನೋಡಿ, ಸನತ್‌ನಗರದ ಟೈರ್ ಅಂಗಡಿಯಲ್ಲಿ ಮುಂದಿನ ಎರಡೂ ಗಾಲಿಗೆ ಬ್ಯಾಲೆನ್ಸಿಂಗ್ ಮಾಡಿಸಿದ್ದ. ಮರುದಿನವೂ ಅವಳದು ಅದೇ ರಾಗ. ಇವನದೂ ಅದೇ.

ಆ ಶನಿವಾರ ಸಂಜೆ ಶೆಡ್ಡಿನ ಗೇಟಿನಲ್ಲಿ ಅವಳು ಗಾಡಿ ಹತ್ತದೆ ನಿಂತಳು.

"ಸೋಮವಾರದಿಂದ ಬ್ಯಾರೆ ಗಾಡಿ ಕಳಸ್ರಿ ಅಂತ ಗುರುರಾಜ ಸರ್‌ಗೆ ಹೇಳೀನಿ."

ಗುರುರಾಜ ಅಂದರೆ ಕಂಪನಿಯ ಗಾಡಿಗಳನ್ನು ನೋಡಿಕೊಳ್ಳುವವರು. ಹುಲಗೇಶ ತೆರೆದ ಬಾಗಿಲನ್ನು ಮತ್ತೆ ಮುಚ್ಚಿದ. ಬಾಡಿಗೆ ಇನ್ನೊಂದು ಸಿಕ್ಕೀತು, ಈ ಊರಲ್ಲಿ ಬಾಡಿಗೆಗೇನು ಬರ. ಆದರೆ ದಿನದ ಆ ಒಂದು ತಾಸು? ಕದ್ದು ನೋಡಿದ್ದು ಗೊತ್ತಾಗಿಬಿಟ್ಟಿದೆ, ನಡುಕ ಬರೀ ನೆಪ ಅಂದುಕೊಂಡ.

"ಗಾಡಿ ಖರೇನ ನಡಗತೈತೇನ್ರಿ? ಇಲ್ಲಾ..."

"ಇಲ್ಲಾ, ಏನು?"

"ಏನಿಲ್ಲ ಬಿಡ್ರಿ."

ಅವಳು ಕೈ ಚಾಚಿದಳು. "ಕೀಲಿ ಕೊಡ್ರಿ. ನಾ ಓಡಸ್ತೀನಿ, ನೀವು ಹಿಂದ ಕುಂದರ್ರಿ."

"ನಿಮಗ ಬರತೈತೇನು?"

"ದಿಲ್‌ಸುಖ್‌ನಗರದ ಸಂದ್ಯಾಗ ನಮ್ಮ ಮಾಮಾನ ಗಾಡಿ ಓಡಸೀನಿ. ಇದೇನು ಮಹಾ!"

ಒಡಹುಟ್ಟಿದ ತಮ್ಮನಿಗೂ ಕೀಲಿ ಕೊಡದ ಹುಲಗೇಶ ಕೊಟ್ಟುಬಿಟ್ಟ. ಅವಳು ಕೂರುವ ಜಾಗದಲ್ಲಿ, ಬೀಗರ ಮನೆಗೆ ಬಂದವನ ಹಾಗೆ, ಮೊಣಕಾಲು ಜೋಡಿಸಿ ಕೂತ.

ಭಾಗ್ಯಶ್ರೀ ಹದವಾಗಿ ಓಡಿಸುತ್ತಿದ್ದಳು. ರಿಂಗ್ ರೋಡ್ ಹತ್ತಿದರು. ಅರವತ್ತು, ಎಪ್ಪತ್ತು. ಎಂಬತ್ತು ಅನ್ನುವಷ್ಟರಲ್ಲಿ ಸೀಟಿನ ಬುಡದಲ್ಲಿ ಹಿಟ್ಟಿನ ಗಿರಣಿ ಶುರುವಾದಂತಾಯಿತು. ಬಾಗಿಲಲ್ಲಿಟ್ಟ ಬಾಟಲಿಯ ನೀರು ತುಳುಕಾಡತೊಡಗಿತು.

"ಸ್ಟೇರಿಂಗ್ ನಡಗತೈತೇನ್ರಿ?" ಅಂತ ಕೇಳಿದ.

"ಇಲ್ಲ. ಕೈಯಾಗೇನೂ ಇಲ್ಲ."

ಹುಲಗೇಶ ಹಣೆ ಬಡಿದುಕೊಂಡ. ಮುಂದಿನ ಗಾಲಿ ಕೆಟ್ಟರೆ ನಡುಕ ಕೈಗೆ ಬರುತ್ತದೆ, ಹಿಂದಿನದು ಕೆಟ್ಟರೆ ಸೀಟಿಗೆ. ಅವನು ಮುಂದಿನವನ್ನು ಸರಿಮಾಡಿಸಿದ್ದ. ಇಷ್ಟು ವರ್ಷ ಗಾಡಿ ಓಡಿಸಿದವನು ಹಿಂದೆ ಒಮ್ಮೆಯೂ ಕೂತಿರಲಿಲ್ಲ!

"ಹೌದ್ರಿ, ನಡಗತೈತಿ," ಅನ್ನಲು ತಲೆ ಎತ್ತಿದ. ಕನ್ನಡಿಯಲ್ಲಿ ಕಾಡಿಗೆ ಹಚ್ಚಿದ ಎರಡು ಕಣ್ಣು ನೆಟ್ಟಗೆ ಅವನನ್ನೇ ನೋಡುತ್ತಿದ್ದವು. ಅವನು ಕಿಟಕಿಯತ್ತ ತಿರುಗಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಕಣ್ಣು ಅಲ್ಲೇ ಇದ್ದವು, ಈಗ ನಗುತ್ತಿದ್ದವು.

ಹಿಂದೆ ಕೂತವರಿಗೆ ಡ್ರೈವರನ ಕಣ್ಣು ಇಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಇಷ್ಟು ದಿನ... ಅಯ್ಯೋ ಶಿವನೇ! ಹುಲಗೇಶನ ಕಿವಿ ಕೆಂಪಾದವು.

"ರೋಡ್ ನೋಡ್ರಿ!" ಅಂದ.

"ನಾನೂ ದಿನಾ ನಿಮಗ ಇದನ್ನ ಹೇಳಬೇಕಂತಿದ್ದೆ," ಅಂದಳು ಭಾಗ್ಯಶ್ರೀ.

ಮುಂದೆ ಸಿಕ್ಕ ಎಕ್ಸಿಟ್‌ನಲ್ಲಿ ಕೆಳಗಿಳಿದು ಸರ್ವಿಸ್ ರೋಡಿನ ಬದಿಗೆ ನಿಲ್ಲಿಸಿದರು. ಹಿಂದಿನ ಎಡಗಡೆಯ ಗಾಲಿಗೆ ಜಾಕ್ ಕೊಟ್ಟು ಎತ್ತಿ ಹುಲಗೇಶ ಅದನ್ನು ಕೈಯಿಂದ ತಿರುಗಿಸಿದ. ಅವಳು ಕುಕ್ಕರುಗಾಲಲ್ಲಿ ಕೂತು ಪೆನ್ನಿನ ತುದಿಯನ್ನು ರಿಮ್ಮಿನ ಅಂಚಿಗೆ ಹಿಡಿದಳು. ಒಂದು ಕಡೆ ರಿಮ್ಮು ಪೆನ್ನಿಗೆ ತಾಗಿತು, ಇನ್ನೊಂದು ಕಡೆ ದೂರ ಸರಿಯಿತು.

"ಸೊಟ್ಟಾಗೈತಿ," ಅಂದಳು.

"ಯಾವಾಗ ಆತೋ ಏನೋ."

"ಬಾಲಾನಗರದಾಗ ಗಾಡಿ ಗುಂಡ್ಯಾಗ ದಡಲ್ ಅಂತ ಬಿತ್ತಲ್ಲ, ಅವತ್ತ. ನಾ ಹೊಸಾ ಝುಮಕಿ ಹಾಕ್ಕೊಂಡಿದ್ದೆ."

ಹುಲಗೇಶನಿಗೆ ಗುಂಡಿ ನೆನಪಿರಲಿಲ್ಲ. ಝುಮಕಿ ಚೆನ್ನಾಗಿ ನೆನಪಿತ್ತು.

ಸ್ಟೆಪ್ನಿ ಹಾಕಿ ನಟ್ಟು ಬಿಗಿಮಾಡುತ್ತ, ತಲೆ ಎತ್ತದೆ ಕೇಳಿದ, "ನಾ ನೋಡ್ತೀನಿ ಅಂತ ಬ್ಯಾರೆ ಗಾಡಿ ಕೇಳಿದ್ರೇನು?"

ಅವಳ ಮುಖದ ನಗು ಇಳಿಯಿತು.

"ಅದಕ್ಕಲ್ರಿ. ನೋಡೂದು ದಿನಾ ನೋಡಿದ್ರಿ, ಹೇಳಿದ್ದು ಒಂದಿನಾನೂ ಕೇಳಲಿಲ್ಲ. ನಡಗತೈತಿ ಅಂದ್ರ ಇಲ್ಲ ಅಂತೀರಿ. ನಾ ಸುಳ್ಳ ಹೇಳತೀನೇನು? ಇವತ್ತ ಗಾಡಿ ಮಾತು. ನಾಳೆ ಇನ್ನೇನರ ಹೇಳಿದ್ರೂ ಇಲ್ಲಾನ ಅಂತೀರಿ."

ಅವಳ ದನಿ ಸಣ್ಣಗೆ ಒಡೆದಿತ್ತು. ಹುಲಗೇಶ ಪಾನಾ ಕೆಳಗಿಟ್ಟು ಎದ್ದು ನಿಂತ. ಇಷ್ಟು ದಿನ ಒಳಗೇ ತಿರುಗಿದ ಮಾತು ಈಗ ಹೊರಗೆ ಬರದಿದ್ದರೆ ಇನ್ನೆಂದೂ ಬಾರದು ಅಂತ ಅವನಿಗೆ ಗೊತ್ತಾಯಿತು.

"ತಪ್ಪಾತ್ರಿ. ನನ್ನ ಕೈಗೆ ಹತ್ತಲಿಲ್ಲ ಅಂದ್ರ ಇಲ್ಲ ಅಂತನ ತಿಳದೆ. ಕಂಪನಿ ಡ್ಯೂಟಿ ಹೋದ್ರ ಹೋಗ್ಲಿ, ನೀವು ಹೋಗಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಭಾಳ ಜೀವ ಐತಿ. ಇನ್ನ ಮುಂದ ನೀವು ಹೇಳಿದ್ದು ನನಗ ತಿಳೀಲಿಲ್ಲ ಅಂದ್ರ, ಇಲ್ಲ ಅನ್ನೂದಿಲ್ಲ. ನೀವು ಕುಂತಲ್ಲಿ ಬಂದು ಕುಂತು ನೋಡ್ತೀನಿ."

ಭಾಗ್ಯಶ್ರೀ ಮಸಿಯಾದ ಅವನ ಕೈಗೆ ತನ್ನ ಬಾಟಲಿಯಿಂದ ನೀರು ಹಾಕಿದಳು. ಮುಗಿದ ಮೇಲೂ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. ಆಮೇಲೆ ಹೋಗಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಗುರುರಾಜರಿಗೆ ಫೋನ್ ಮಾಡಿದಳು. ತೆಲುಗಿನಲ್ಲಿ, ಗಾಡಿ ಸರಿಹೋಯಿತು, ಬದಲಿಸುವುದು ಬೇಡ ಅಂದಳು.

ಮತ್ತೆ ರಿಂಗ್ ರೋಡ್. ಎಂಬತ್ತು ಬಂತು, ಹೋಯಿತು, ಇಬ್ಬರಿಗೂ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಅವಳ ಫೋನ್ ರಿಂಗಣಿಸಿತು. ಅವ್ವ. ಯಾಕೆ ತಡ, ಎಲ್ಲಿದ್ದೀ ಅಂತೆಲ್ಲ ವಿಚಾರಣೆ ಮುಗಿದ ಮೇಲೆ ಭಾಗ್ಯಶ್ರೀ ಇವನತ್ತ ತಿರುಗಿದಳು.

"ಡ್ರೈವರಣ್ಣಗ ತಡಾ ಆಗೈತಿ, ನಮ್ಮನ್ಯಾಗ ಉಂಡು ಹೋಗ್ತಾನೇನು ಅಂತ ಕೇಳಾಕತ್ತಾಳ ಅವ್ವ."

"ನೀವೇನಂತೀರಿ?" ಅಂದ ಹುಲಗೇಶ.

ಅವಳು ಅವನನ್ನೇ ನೋಡುತ್ತ ಫೋನಿಗೆ ಹೇಳಿದಳು. "ಉಣ್ತಾರವ್ವ. ಆದ್ರ ಅವರಿಗೆ ಅಣ್ಣ ಅನಬ್ಯಾಡ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವ್ವನ ದನಿ ಹುಲಗೇಶನಿಗೂ ಕೇಳಿಸಿತು.

"ಹಂಗಾರ ಇನ್ನೆರಡು ರೊಟ್ಟಿ ಬಡೀತೀನಿ. ಹಗೂರಕ ಬರ್ರಿ ಅಂತ ಹೇಳು ಅವರಿಗೆ."