ಗುರುಮಲ್ಲಯ್ಯನಿಗೆ ನಾಯಿಯೇ ಇಲ್ಲ

ಪಕ್ಕದ ಮನೆಯ ಈರಮ್ಮನ ಕೃತಘ್ನತೆ ನೆನೆದರೆ ಗುರುಮಲ್ಲಯ್ಯನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೋದ ಮಳೆಗಾಲದಲ್ಲಿ ಅವಳ ಕೊಟ್ಟಿಗೆ ಸೋರುತ್ತದೆಂದು ಹೊದಿಸಲು ತನ್ನ ಅಂಗಡಿಯಿಂದ ಶೀಟು ತಂದು ಕೊಟ್ಟವನೇ ಅವನು. ಈಗ ಅವನ ನಾಯಿ ರಾಜ ಅದೇ ಕೊಟ್ಟಿಗೆಗೆ ನುಗ್ಗಿ ಅವಳ ಮೀನಖಂಡಕ್ಕೆ ಬಾಯಿ ಹಾಕಿದ್ದೇ ತಡ, ಗುಂಡ್ಲುಪೇಟೆ ಸ್ಟೇಷನ್ನಿಗೆ ದೂರು ಕೊಟ್ಟುಬಿಟ್ಟಿದ್ದಳು. ಆಸ್ಪತ್ರೆ ಖರ್ಚು, ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗಲಾಗದ ಇಪ್ಪತ್ತು ದಿನದ ಸಂಬಳ, ಎಲ್ಲ ಅವನೇ ಕೊಡಬೇಕಂತೆ. ಮೇಲೆ ಕೇಸು ಬೇರೆ. ಮುಂದಿನ ತಿಂಗಳು ಹಾಲಿನ ಸಂಘದ ಅಧ್ಯಕ್ಷನಾಗಲು ಹೊರಟಿದ್ದವನಿಗೆ ಅದೇ ದೊಡ್ಡ ಭಯ.

"ಸಾಕ್ದೋರೇ ಹೊಣೆ ಕಣ್ ಭಾವ," ಎಂದಿದ್ದ ಬಾಮೈದ ಮಾದೇಶ್. ಅವನು ಚಾಮರಾಜನಗರದ ವಕೀಲರೊಬ್ಬರ ಗುಮಾಸ್ತ. "ಗೇಟ್ ತೆಗ್ದು ಬುಟ್ಟಿದ್ದು ನಿಮ್ ತಪ್ಪೇಯ."

ಸಾಕಿದವನೇ ಇಲ್ಲದಿದ್ದರೆ? ಗುರುಮಲ್ಲಯ್ಯನ ತಲೆ ಚುರುಕಾಯಿತು.

ಮೊದಲು ರಾಜನನ್ನು ಗೂಡ್ಸ್ ಆಟೋ ಹತ್ತಿಸಿ ಮದ್ದೂರಿನ ನೆಂಟರ ತೋಟಕ್ಕೆ ಸಾಗಿಸಿದ. ಅದು ಬಾಲ ಆಡಿಸುತ್ತ ಹೋದಾಗ ಮುಖ ಆಚೆ ತಿರುಗಿಸಿಕೊಂಡ. ಕೊರಳಪಟ್ಟಿ ಬಾವಿಗೆ ಬಿತ್ತು, ಚುಚ್ಚುಮದ್ದಿನ ಕಾರ್ಡು ಒಲೆಗೆ. ತನ್ನ ಫೋನಿನಲ್ಲೂ ಹೆಂಡತಿ ಚಂದ್ರಮತಿಯ ಫೋನಿನಲ್ಲೂ ಇದ್ದ ರಾಜನ ಫೋಟೋಗಳನ್ನೆಲ್ಲ ಅಳಿಸಿದ. ಅಂಗಳದ ಕೂದಲನ್ನು ಎರಡು ಸಲ ಗುಡಿಸಿದ. ಸಾಕ್ಷಿ ಹೇಳಿ ಸ್ಟೇಷನ್ನು ಅಲೆಯಲು ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲವೆಂದು ಅವನಿಗೆ ಗೊತ್ತಿತ್ತು.

ಮಹಜರಿಗೆ ಬಂದ ಎಎಸ್‌ಐ ಗಂಗಾಧರಸ್ವಾಮಿ ಅವನನ್ನು ಈರಮ್ಮನ ಅಂಗಳಕ್ಕೆ ಕರೆಸಿದರು.

"ಬೀದಿನಾಯಿ ಕಣ್ ಸಾ," ಎಂದ ಗುರುಮಲ್ಲಯ್ಯ ಶಾಂತವಾಗಿ. "ನಮ್ ವಂಶ್ದಲ್ಲೇ ಯಾರೂ ನಾಯಿ ಸಾಕ್ದೋರಲ್ಲ."

ಎಎಸ್‌ಐ ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಈರಮ್ಮನ ಮುಖ ಬಾಡಿತು. ಗುರುಮಲ್ಲಯ್ಯನಿಗೆ ಆಗಲೇ ಅಧ್ಯಕ್ಷನ ಕುರ್ಚಿಯಲ್ಲಿ ಕೂತಷ್ಟು ಹಾಯೆನಿಸಿತು.

"ಕಚ್ಚಿದ್ದೆಲ್ಲಮ್ಮ?"

"ಇಲ್ಲೇ ಸಾ, ಕೊಟ್ಟಿಗೆ ಒಳ್ಗೆ."

ಮೂವರೂ ಬಗ್ಗಿ ಒಳಹೊಕ್ಕರು. ಗುರುಮಲ್ಲಯ್ಯ ಆ ಕೊಟ್ಟಿಗೆಗೆ ಕಾಲಿಟ್ಟದ್ದು ಅದೇ ಮೊದಲು. ಎಎಸ್‌ಐ ಟೋಪಿ ತೆಗೆದು, ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿದರು. ನೋಡುತ್ತಲೇ ನಿಂತರು. ಗುರುಮಲ್ಲಯ್ಯ ದಾನ ಕೊಟ್ಟಿದ್ದ ಶೀಟು ಅವನ ಅಂಗಡಿ ಮುಂದೆ ತಿಂಗಳುಗಟ್ಟಲೆ ನಿಂತಿದ್ದ ಹಳೇ ಫ್ಲೆಕ್ಸು. ಬಣ್ಣದ ಮಗ್ಗುಲನ್ನು ಈರಮ್ಮ ಬಿಸಿಲಿಗೆ ಕೆಡದಿರಲೆಂದು ಒಳಗೆ ಮಾಡಿ ಹೊದಿಸಿದ್ದಳು. ಅಲ್ಲಿ ರೇಷ್ಮೆ ಪಂಚೆ ಉಟ್ಟ ಗುರುಮಲ್ಲಯ್ಯನ ತೊಡೆಯ ಮೇಲೆ ಸೇವಂತಿಗೆ ಹಾರ ಹಾಕಿಕೊಂಡು ರಾಜ ಕೂತಿತ್ತು. ಎಎಸ್‌ಐ ಕತ್ತೆತ್ತಿ ನಿಧಾನವಾಗಿ ಓದಿದರು: "ನಮ್ಮ ಮನೆಯ ಮುದ್ದಿನ ಮಗ ರಾಜನಿಗೆ ಎರಡನೇ ವರ್ಷದ ಹುಟ್ಟುಹಬ್ಬದ ಶುಭಾಶಯಗಳು. ಕೋರುವವರು, ಗುರುಮಲ್ಲಯ್ಯ ಮತ್ತು ಕುಟುಂಬದವರು."