ಕೂತಲ್ಲೇ ನಡೆದ ಅಜ್ಜಿ

"ಇದು ಕೇಕ್ ಅಲ್ಲ ಸರ್! ಮುದ್ದೆ! ರಾಗಿ ಮುದ್ದೆ!"

"ನೋರು ಮುಯ್! ಬಾಯಿ ಮುಚ್ಚು! ಫೋನು ಚಾಕೊಲೇಟ್ ಕೇಕ್ ಅಂತ ತೋರಿಸ್ತಾ ಐತೆ. ಫೋನಿಗಿಂತ ನಿಂಗೆ ಜಾಸ್ತಿ ಗೊತ್ತಾ?"

"ನಮ್ಮಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿರೋದು ಸರ್. ಬೇಕಾದ್ರೆ ಮುರಿದು ನೋಡಿ!"

"ಎದುರು ಮಾತಾಡ್ತೀಯಾ? ಬಾಕ್ಸ್ ಮುಚ್ಚು. ಕೂತ್ಕೋ!"

ಭಾರ್ಗವಿ ಬಾಕ್ಸನ್ನು ಟಪ್ ಎಂದು ಮುಚ್ಚಿದಳು. ಐದನೇ ಕ್ಲಾಸಿನವರೆಲ್ಲ ಕಿಸಕ್ಕನೆ ನಕ್ಕರು. ಪಿ.ಟಿ. ಮಾಡಿಸುವ ಧರ್ಮೇಂದ್ರ ಸರ್ ಫೋನಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಒತ್ತಿದರು. 'ಜಂಕ್ ಫುಡ್' ಎಂದು ಬಂತು. ಧರ್ಮೇಂದ್ರ ಸರ್ ಕೂಡ ಮುದ್ದೆ ತಿಂದೇ ಬೆಳೆದವರು. ಬೆಳಿಗ್ಗೆ ಮನೆಯಲ್ಲಿ ಅದನ್ನೇ ತಿಂದು ಬಂದಿದ್ದರೂ ಇರಬಹುದು. ಆದರೆ ಫೋನು ಕೇಕ್ ಎಂದ ಮೇಲೆ ಅದು ಕೇಕೇ.

ಈ ರಗಳೆ ಶುರುವಾಗಿ ಒಂದು ವಾರವಾಗುತ್ತಾ ಬಂದಿತ್ತು. ಶಾಲೆ ನಡೆಸುವ ಕರೆಸ್ಪಾಂಡೆಂಟ್ ಹರಿಕೃಷ್ಣ ಅವರು ಮಕ್ಕಳಿಗೆಲ್ಲ ಕೈಗೆ ಕಟ್ಟುವ ಹಸಿರು ಬ್ಯಾಂಡ್, ಅದಕ್ಕೊಂದು ಚಾರ್ಜರ್ ತರಿಸಿದ್ದರು. ಎಷ್ಟು ಹೆಜ್ಜೆ ನಡೆದೆವೆಂದು ಅದು ಲೆಕ್ಕ ಇಡುತ್ತದಂತೆ. ಬಾಕ್ಸಿನಲ್ಲಿ ಏನು ಊಟ ಇದೆ ಎಂದು ಫೋನು ಫೋಟೋ ತೆಗೆದು ಹೇಳುತ್ತದಂತೆ. ಎರಡು ವಾರದಲ್ಲಿ ಯಾರು ಫಸ್ಟ್ ಬರುತ್ತಾರೋ ಅವರಿಗೆ ಸೈಕಲ್. ಹರಿಕೃಷ್ಣ ಅವರ ಮನೆ ಶಾಲೆಯ ಹಿಂದಿನ ರಸ್ತೆಯಲ್ಲೇ ಇತ್ತು. ಅಲ್ಲಿಂದ ಕಾರಿನಲ್ಲಿ ಬಂದು, ನಡೆಯುವುದು ಎಷ್ಟು ಒಳ್ಳೆಯದೆಂದು ನಲವತ್ತು ನಿಮಿಷ ಮಾತಾಡಿದ್ದರು. ಮಕ್ಕಳು ಬಿಸಿಲಲ್ಲಿ ನಿಂತು ಕೇಳಿದ್ದರು.

ಪ್ರತಿದಿನ ಪ್ರೇಯರ್ ಹೊತ್ತಿಗೆ ಹೆಸರುಗಳು ಶಾಲೆಯ ಟಿ.ವಿ.ಯಲ್ಲಿ ಬರುತ್ತಿದ್ದವು. ಹಸಿರು ಹೆಸರಿಗೆ ಚಪ್ಪಾಳೆ. ಕೆಂಪು ಹೆಸರಿನವರು ಮುಂದೆ ಬಂದು ಮೈಕಿನಲ್ಲಿ "ಐ ಆಮ್ ಲೇಜಿ" ಎನ್ನಬೇಕು. ಭಾರ್ಗವಿ ನಾಲ್ಕು ದಿನ ಅಂದಿದ್ದಳು.

"ಮುನ್ನೂರ ಹನ್ನೆರಡು ಹೆಜ್ಜೆ! ಹಾಸಿಗೆಯಿಂದ ಎದ್ದು ಬಂದ್ಯೋ, ಹಾಸಿಗೆ ಸಮೇತ ಬಂದ್ಯೋ?" ಎಂದು ಸರ್ ಕೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾರ್ಗವಿಗೆ ಅರ್ಥವೇ ಆಗುತ್ತಿರಲಿಲ್ಲ. ಅವಳ ಮನೆ ಊರಾಚೆ ಇತ್ತು. ಹೋಗುತ್ತಾ ಎರಡು ಕಿಲೋಮೀಟರು, ಬರುತ್ತಾ ಎರಡು. ಎಲ್ಲ ನಡಿಗೆಯೇ. ಕಾರಿನಲ್ಲಿ ಬರುವ ಕರೆಸ್ಪಾಂಡೆಂಟರ ಮಗ ಜಯಚಂದ್ರನಿಗೆ ಮಾತ್ರ ದಿನಾ ಹದಿನಾಲ್ಕು ಸಾವಿರ!

"ಹೆಂಗೋ ನಿಂಗೆ ಅಷ್ಟು ಬತ್ತದೆ?" ಎಂದು ಅವನನ್ನೇ ಕೇಳಿದಳು.

ಜಯಚಂದ್ರ ಬೆಂಚಿನ ಕೆಳಗೆ ಕೈಯನ್ನು ಗಡಗಡ ಅಲ್ಲಾಡಿಸಿ ತೋರಿಸಿದ. "ಇದಕ್ಕೆ ಕಾಲು ಕಾಣಲ್ಲ ಕಣೇ. ಕೈ ಆಡ್ಸಿದ್ರೆ ಸ್ಟೆಪ್. ನೀನು ಎರಡೂ ಕೈಯಲ್ಲಿ ಬ್ಯಾಗ್ ಹಿಡ್ಕಂಡು ಬತ್ತೀಯಲ್ಲ, ನಿಂದು ಹೆಂಗೆ ಬತ್ತದೆ?"

ನಿಜ. ಭಾರ್ಗವಿಯ ಬ್ಯಾಗಿನ ಪಟ್ಟಿ ಕಿತ್ತು ಹೋಗಿ, ಅಮ್ಮ ಗಂಟು ಹಾಕಿ ಕೊಟ್ಟಿದ್ದಳು. ಎರಡು ಕೈಯಲ್ಲೂ ಪಟ್ಟಿ ಬಿಗಿಯಾಗಿ ಹಿಡಿದರೆ ಸರಿ, ಬಿಟ್ಟರೆ ಬ್ಯಾಗ್ ನೆಲಕ್ಕೆ. ಅವಳು ನಡೆದ ದಾರಿಯನ್ನು ಬ್ಯಾಂಡು ನಡಿಗೆ ಎಂದು ಒಪ್ಪಿಯೇ ಇರಲಿಲ್ಲ.

ಜಯಚಂದ್ರ ಇನ್ನೊಂದು ಉಪಕಾರವನ್ನೂ ಮಾಡಿದ. ಅವನ ಬಾಕ್ಸಿನಲ್ಲಿ ಸೌತೆಕಾಯಿ, ಕ್ಯಾರೆಟ್ ಇರುತ್ತಿತ್ತು. ಅದನ್ನು ಅವನು ತಿನ್ನುತ್ತಿರಲಿಲ್ಲ, ಫೋಟೋಗೆಂದೇ ತರುತ್ತಿದ್ದ. ಫೋಟೋ ಆದ ಮೇಲೆ ಬಾಕ್ಸು ಬೆಂಚಿನ ಕೆಳಗಿನಿಂದ ಕೈಯಿಂದ ಕೈಗೆ ಹೋಗುತ್ತಿತ್ತು. ಧರ್ಮೇಂದ್ರ ಸರ್ ಫೋನಿನಿಂದ ತಲೆ ಎತ್ತುತ್ತಲೇ ಇರಲಿಲ್ಲ. ಒಂದೇ ಸೌತೆಕಾಯಿಗೆ ಹದಿನೇಳು ಮಕ್ಕಳಿಗೆ ಹಸಿರು ಗುರುತು ಬಂತು. ಶುಕ್ರವಾರದ ಹೊತ್ತಿಗೆ ಅದು ಬಾಡಿ ಸುರುಟಿಕೊಂಡಿತ್ತು. ಆದರೂ ಫೋನು 'ವೆರಿ ಫ್ರೆಶ್' ಎಂದಿತು.

ಊಟದ ತೊಂದರೆ ತೀರಿತು. ಹೆಜ್ಜೆಯದು ಉಳಿಯಿತು.

ಆ ಶುಕ್ರವಾರ ಸಂಜೆ ಭಾರ್ಗವಿ ಹುಣಸೆ ಮಂಡಿಗೆ ಹೋದಳು. ಅವಳ ಅಜ್ಜಿ ನರಸಕ್ಕ ಅಲ್ಲಿ ಕೆಲಸ ಮಾಡುತ್ತಿದ್ದಳು. ಅಜ್ಜಿಯ ಊರು ಕಲ್ಯಾಣದುರ್ಗದ ಹತ್ತಿರದ ಬ್ರಹ್ಮಸಮುದ್ರ. ಪ್ರತಿವರ್ಷ ಹುಣಸೆ ಕಾಲಕ್ಕೆ ಹಿಂದೂಪುರಕ್ಕೆ ಬಂದು, ಮಗಳ ಮನೆಯಲ್ಲಿದ್ದು, ಎರಡು ತಿಂಗಳು ಮಂಡಿಯಲ್ಲಿ ಹುಣಸೆ ಬಡಿಯುತ್ತಿದ್ದಳು. ಕಾಲು ಚಾಚಿ ನೆಲದ ಮೇಲೆ ಕೂರುವುದು, ಮುಂದೆ ಕಲ್ಲು, ಕೈಯಲ್ಲಿ ಮರದ ಕೊಡತಿ. ಟಕ್, ಟಕ್, ಟಕ್. ಸಿಪ್ಪೆ ಒಡೆದು, ಬೀಜ ಹಾರಿ ಬೀಳುತ್ತಿತ್ತು.

ಭಾರ್ಗವಿ ಆ ಕೈಯನ್ನೇ ನೋಡಿದಳು. ಮೇಲೆ, ಕೆಳಗೆ. ಮೇಲೆ, ಕೆಳಗೆ.

"ಅಜ್ಜಿ, ಇದನ್ನ ಕಟ್ಕಂತೀಯಾ? ಸ್ವಲ್ಪ ಹೊತ್ತು."

"ಏನಮ್ಮಿ ಇದು? ರಬ್ಬರ್ ಬಳೇನಾ?"

"ಇಸ್ಕೂಲಿಂದು. ನಂಬರ್ ಬರಬೇಕು ಇದ್ರಲ್ಲಿ."

"ಬರ್ದೆ ಹೋದ್ರೆ?"

ಭಾರ್ಗವಿ ಬ್ಯಾಂಡನ್ನು ತಿರುಗಿಸಿ ನೋಡಿದಳು. "ಫೇಲ್ ಮಾಡ್ತಾರೆ" ಎಂದಳು.

ನರಸಕ್ಕ ತಟ್ಟನೆ ಕೈ ಚಾಚಿದಳು. "ಕಟ್ಟು ಮತ್ತೆ! ಮೊದ್ಲೇ ಹೇಳಕ್ಕಾಗ್ಲಿಲ್ವಾ?"

ಒಂದೂವರೆ ಗಂಟೆಯಲ್ಲಿ ಆರು ಸಾವಿರ ಹೆಜ್ಜೆ ಆಯಿತು. ಅಜ್ಜಿ ಒಂದು ಗೇಣು ಕೂಡ ಕದಲಿರಲಿಲ್ಲ.

ಮರುದಿನ ಭಾರ್ಗವಿಯ ಹೆಸರು ಹಸಿರಾಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಟಿ.ವಿ.ಯಲ್ಲಿ ಅವಳ ಹೆಸರು ಏಳನೆಯದಾಗಿತ್ತು. ಮೇಲೆ ಆರು ಹೆಸರಿದ್ದವು. ಆಫೀಸಿನ ಮುಂದೆ ಪ್ಲಾಸ್ಟಿಕ್ ಸುತ್ತಿದ ಗುಲಾಬಿ ಬಣ್ಣದ ಸೈಕಲ್ ಇತ್ತು.

"ಅಜ್ಜಿ, ಇನ್ನೊಂದು ಬುಟ್ಟಿ" ಎಂದಳು ಅಂದು ಸಂಜೆ. ಮರುಸಂಜೆಯೂ ಅಂದಳು. ಬೇರೆ ಹೆಂಗಸರು ಎದ್ದು, ಸೀರೆ ಕೊಡವಿಕೊಂಡು ಹೊರಟ ಮೇಲೂ ಮಂಡಿಯ ಮೂಲೆಯಿಂದ ಟಕ್ ಟಕ್ ಕೇಳುತ್ತಿತ್ತು.

"ಏನ್ ನರಸಕ್ಕ, ಮಂಡಿ ನಿಂದೇನಾ? ಏಳಮ್ಮ!" ಎಂದು ಗೆಳತಿಯರು ಗೇಲಿ ಮಾಡಿದರೆ, "ನೀವು ಹೋಗ್ರಮ್ಮಾ, ಮಗೂದು ಪರೀಕ್ಷೆ ಐತೆ" ಎನ್ನುತ್ತಿದ್ದಳು.

ಆ ಭಾನುವಾರ ಒಂದೇ ದಿನ ನಲವತ್ತೊಂದು ಸಾವಿರ ಬಂತು. ಅಷ್ಟು ನಡೆದರೆ ಹಿಂದೂಪುರದಿಂದ ಹೊರಟು ಹತ್ತತ್ತಿರ ಕೊಡಿಕೊಂಡ ಚೆಕ್‌ಪೋಸ್ಟ್ ಮುಟ್ಟಬಹುದು. ಹತ್ತು ವರ್ಷದ ಹುಡುಗಿ ಅಷ್ಟು ದೂರ ಯಾಕೆ ಹೋದಳೆಂದು ಶಾಲೆಯಲ್ಲಿ ಯಾರೂ ಕೇಳಲಿಲ್ಲ.

"ಎಲ್ಲಿ ನಡೆದೆ ಭಾರ್ಗವಿ, ಹೇಳು ಎಲ್ಲರಿಗೂ!" ಎಂದರು ಧರ್ಮೇಂದ್ರ ಸರ್.

"ಎಲ್ಲೂ ಇಲ್ಲ ಸರ್."

"ನೋಡ್ರೋ, ವಿನಯ ಅಂದ್ರೆ ಇದು! ಕಲೀರಿ!"

ಬುಧವಾರ ಅಜ್ಜಿ ಎಡಗೈಯಲ್ಲಿ ಊಟ ಮಾಡುವುದನ್ನು ಭಾರ್ಗವಿ ನೋಡಿದಳು. ಬಲಗೈ ಮಡಿಲಲ್ಲಿತ್ತು. ಕೇಳಬೇಕೆನಿಸಿತು. ಕೇಳಿದರೆ ಬ್ಯಾಂಡು ಬಿಚ್ಚಬೇಕಾಗುತ್ತದೆ ಎಂದೂ ಅನಿಸಿತು. ಇನ್ನು ಎರಡೇ ದಿನ. ಅವಳು ಕೇಳಲಿಲ್ಲ.

ಶನಿವಾರ ಬಹುಮಾನದ ಕಾರ್ಯಕ್ರಮ. ಗಾರ್ಮೆಂಟ್ಸಿನಲ್ಲಿ ಅಮ್ಮನಿಗೆ ರಜೆ ಸಿಗಲಿಲ್ಲ. ಅಜ್ಜಿ ಬಂದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಕೊನೆಯ ಸಾಲಿನಲ್ಲಿ ಕೂತಳು. ಸ್ಟೇಜಿನ ಮೇಲೆ 'ಆರೋಗ್ಯವೇ ಭಾಗ್ಯ' ಎಂಬ ಬ್ಯಾನರ್ ಇತ್ತು. ಅದರ ಕೆಳಗೆ ದೊಡ್ಡವರಿಗೆಲ್ಲ ಎಗ್ ಪಫ್ಸ್, ಕೂಲ್ ಡ್ರಿಂಕ್ ಕೊಟ್ಟರು. ಅವುಗಳ ಫೋಟೋವನ್ನು ಯಾರೂ ತೆಗೆಯಲಿಲ್ಲ.

ಫಸ್ಟ್ ಪ್ರೈಜ್ ಭಾರ್ಗವಿ. ಸೈಕಲ್ಲನ್ನು ಸ್ಟೇಜಿನ ಮೇಲೆ ತಂದು ನಿಲ್ಲಿಸಿದರು. ಅಜ್ಜಿಯನ್ನೂ ಸ್ಟೇಜಿಗೆ ಕರೆದರು.

ಹರಿಕೃಷ್ಣ ಅವರು ಮೈಕ್ ಹಿಡಿದು ಅಜ್ಜಿಯ ಕಡೆ ತಿರುಗಿದರು. "ಮನವರಾಲ್ನಿ ಚೂಸಿ ನೇರ್ಚುಕೋವಾಲಮ್ಮಾ! ಮೊಮ್ಮಗಳನ್ನ ನೋಡಿ ಕಲೀಬೇಕು. ನೀವೆಲ್ಲ ಬೆಳಿಗ್ಗೆಯಿಂದ ಸಂಜೆತನಕ ಕೂತಲ್ಲೇ ಕೂತಿರ್ತೀರಾ. ಅದಕ್ಕೇ ಕೈನೋವು, ಕಾಲುನೋವು. ಸ್ವಲ್ಪ ಕೈಕಾಲು ಆಡಿಸಬೇಕಮ್ಮಾ!"

ಎಲ್ಲರೂ ಚಪ್ಪಾಳೆ ತಟ್ಟಿದರು.

"ಆಗ್ಲಿ ಸ್ವಾಮಿ" ಎಂದಳು ನರಸಕ್ಕ. ನಮಸ್ಕಾರ ಮಾಡಲು ಕೈ ಎತ್ತಿದಳು. ಸೆರಗು ಜಾರಿತು.

ಬಲಗೈ ಮಣಿಕಟ್ಟಿನ ಹತ್ತಿರ ಬದನೆಕಾಯಿಯಂತೆ ಊದಿತ್ತು. ಬ್ಯಾಂಡಿನ ಅಚ್ಚು ಅದರ ಸುತ್ತ ಗೀರಿನಂತೆ ಉಳಿದಿತ್ತು. ಎರಡು ಅಂಗೈ ಒಂದಕ್ಕೊಂದು ಸೇರಲಿಲ್ಲ. ಅಜ್ಜಿ ಎಡಗೈಯನ್ನಷ್ಟೇ ಎದೆಗೆ ಒತ್ತಿಕೊಂಡು ಬಗ್ಗಿದಳು. ಮೊಮ್ಮಗಳು ಪಾಸಾದಳಲ್ಲ ಎಂಬ ನಗು ಮಾತ್ರ ಮುಖದಲ್ಲಿತ್ತು.

ಭಾರ್ಗವಿ ಆ ಕೈಯನ್ನು ನೋಡಿದಳು. ಅವಳು ಮೈಕಿನ ಹತ್ತಿರ ಹೋದಳು. ಥ್ಯಾಂಕ್ಸ್ ಹೇಳುತ್ತಾಳೆಂದು ಹರಿಕೃಷ್ಣ ಅವರು ಮೈಕನ್ನು ಬಗ್ಗಿಸಿ ಕೊಟ್ಟರು.

"ಆ ಸ್ಟೆಪ್ ನಂದಲ್ಲ ಸರ್. ನಮ್ಮಜ್ಜೀದು. ಅಜ್ಜಿ ಹುಣಸೆ ಬಡೀವಾಗ ಕಟ್ಟಿದ್ದೆ. ಕೂತಲ್ಲೇ ಬಂದಿರೋದು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ಮೈಕ್ ಆಫ್ ಮಾಡಯ್ಯಾ!" ಹರಿಕೃಷ್ಣ ಅವರ ಮುಖ ಕೆಂಪಾಯಿತು. "ಮೋಸ! ಇಷ್ಟು ಸಣ್ಣ ವಯಸ್ಸಿಗೆ ಮೋಸ! ಧರ್ಮೇಂದ್ರ, ಏನ್ರೀ ನೋಡ್ತಾ ಇದ್ರಿ ನೀವು?"

"ಫೋನಲ್ಲಿ ಸರಿಯಾಗೇ ತೋರಿಸ್ತಿತ್ತು ಸರ್" ಎಂದರು ಧರ್ಮೇಂದ್ರ ಸರ್.

ಹರಿಕೃಷ್ಣ ಅವರು ಅಜ್ಜಿಯ ಕಡೆ ಬೆರಳು ತೋರಿಸಿದರು. "ನೀನಾದ್ರೂ ಬುದ್ಧಿ ಹೇಳಬಾರದಾ? ಮಗೂಗೆ ಕಳ್ಳತನ ಕಲಿಸ್ತೀಯಾ?"

"ಅಜ್ಜೀನ ಅನ್ಬೇಡಿ!" ಭಾರ್ಗವಿ ಕಿರುಚಿದಳು. ಮೈಕ್ ಇಲ್ಲದಿದ್ದರೂ ಕೊನೆಯ ಸಾಲಿಗೆ ಕೇಳಿತು. "ಅಜ್ಜಿಗೆ ಗೊತ್ತೇ ಇಲ್ಲ! ನಾನೇ ಮಾಡಿದ್ದು!"

ಅವಳು ಬ್ಯಾಂಡನ್ನು ಕಿತ್ತು ಸೈಕಲ್ಲಿನ ಸೀಟಿನ ಮೇಲಿಟ್ಟಳು. ಅಜ್ಜಿಯ ಎಡಗೈ ಹಿಡಿದು ಸ್ಟೇಜಿನಿಂದ ಇಳಿದು, ಕೆಳಗಿಟ್ಟಿದ್ದ ಬ್ಯಾಗ್ ಎತ್ತಿಕೊಂಡಳು. ಸೈಕಲ್ಲನ್ನು ಒಂದು ಸಲ ತಿರುಗಿ ನೋಡಿದಳು. ಬಹಳ ಚೆನ್ನಾಗಿತ್ತು. ಬೆಲ್ಲಿಗೆ ಕೆಂಪು ರಿಬ್ಬನ್ ಕೂಡ ಕಟ್ಟಿದ್ದರು.

ಗೇಟಿನ ಹತ್ತಿರ ಅಜ್ಜಿ ನಿಂತಳು. "ಹಂಗಾದ್ರೆ ಈಗ ಫೇಲ್ ಮಾಡ್ಬುಡ್ತಾರಾ ಕೂಸೆ?"

"ಇಲ್ಲ ಅಜ್ಜಿ." ಭಾರ್ಗವಿ ನೆಲ ನೋಡಿದಳು. "ಅದು ಸುಳ್ಳು. ಸೈಕಲ್ ಬೇಕಿತ್ತು."

ರಸ್ತೆಯಲ್ಲಿ ಹುಣಸೆ ಮೂಟೆಯ ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅಜ್ಜಿ ಊದಿದ ಕೈಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು.

"ಇನ್ಮೇಲೆ ಸುಳ್ಳು ಹೇಳೋದಾದ್ರೆ ಒಂಚೂರು ಸಣ್ಣದು ಹೇಳಮ್ಮಿ" ಎಂದಳು. "ನಂಗೆ ವಯಸ್ಸಾತು."

ಭಾರ್ಗವಿಗೆ ನಗು ಬರಲಿಲ್ಲ. ಅಜ್ಜಿಗೂ ಬರಲಿಲ್ಲ.

ಹಿಂದಿನಿಂದ ಧರ್ಮೇಂದ್ರ ಸರ್ ಓಡಿ ಬಂದು ಗೇಟಿನಲ್ಲಿ ನಿಂತು ಏದುಸಿರು ಬಿಡುತ್ತಾ ಕೂಗಿದರು. "ಭಾರ್ಗವೀ! ವಾಪಸ್ ಬಾ! ಚಾರ್ಜರ್ ಎಲ್ಲಿ? ಚಾರ್ಜರ್ ಕೊಟ್ಟು ಹೋಗು!"

ಭಾರ್ಗವಿ ತಿರುಗಲಿಲ್ಲ. ಒಂದು ಕೈ ಅಜ್ಜಿಯ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಮಾತ್ರ ಹಿಡಿದಿದ್ದ ಬ್ಯಾಗು ಒಂದು ಕಡೆಗೆ ಜಾರಿ ಜಾರಿ ಮೊಣಕಾಲಿಗೆ ಬಡಿಯುತ್ತಿತ್ತು. ಅವಳು ಅಜ್ಜಿಯ ಕೈ ಬಿಡಲಿಲ್ಲ.